ರೇಡಿಯೋ ಕರೆದ ಕಡೆಗೆ: ನ್ಯೂ ಆರ್ಲಿಯನ್ಸ್‌ನಲ್ಲಿ ಐದು ದಿನ

ಗುರುವಾರ

ಹ್ಯೂಸ್ಟನ್ ಬಿಟ್ಟಾಗ ಬೆಳಿಗ್ಗೆ ಎಂಟು ಗಂಟೆ. ನನ್ನ ತಮ್ಮ ಕಾರು ಓಡಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು ರೇಡಿಯೋ ಕಿವಿ ಹಿಂಡುತ್ತಿದ್ದೆ. ನ್ಯೂ ಆರ್ಲಿಯನ್ಸ್‌ಗೆ ಸುಮಾರು 560 ಕಿಲೋಮೀಟರ್ ದಾರಿ. ಲೂಯಿಸಿಯಾನಾದ ಅಚಾಫಲಾಯ ಜೌಗಿನ ಮೇಲೆ ಹೆದ್ದಾರಿ ಸುಮಾರು 29 ಕಿಲೋಮೀಟರ್ ಉದ್ದಕ್ಕೂ ಸೇತುವೆಯಾಗೇ ಸಾಗುತ್ತದೆ. ಎರಡೂ ಕಡೆ ನೀರು, ನೀರಲ್ಲಿ ನಿಂತ ಸೈಪ್ರಸ್ ಮರಗಳು. ಅಲ್ಲೆಲ್ಲ ನನಗೆ ಬೇಕಾದ ನ್ಯೂ ಆರ್ಲಿಯನ್ಸ್‌ನ ರೇಡಿಯೋ ಸ್ಟೇಷನ್ ಸಿಗುವುದಿಲ್ಲ. ಗೊತ್ತಿದ್ದರೂ ಅದರ ಎಫ್‌ಎಂ ನಂಬರು 90.7ಕ್ಕೇ ಇಟ್ಟಿದ್ದೆ.

ಬ್ಯಾಟನ್ ರೂಜ್ ದಾಟಿ ಒಂದಷ್ಟು ದೂರ ಹೋದ ಮೇಲೆ ಗೊರಗೊರ ಸದ್ದಿನೊಳಗೆ ಏನೋ ಅಲ್ಲಾಡಿತು. ಒಂದು ಕ್ಲಾರಿನೆಟ್. ಬಂತು, ಹೋಯಿತು.

"ಅಕ್ಕಾ, ಸಾಕು. ಫೋನಲ್ಲಿ ಹಾಕ್ತೀನಿ ಇರು, ಕ್ಲಿಯರ್ ಆಗಿ ಕೇಳುತ್ತೆ."

"ಬೇಡ ಕಣೋ. ಫೋನಲ್ಲಿ ಐದು ವರ್ಷ ಕೇಳಿದ್ದೀನಿ. ಇವತ್ತು ಗಾಳಿಯಲ್ಲಿ ಬರೋದನ್ನೇ ಕೇಳ್ಬೇಕು."

ಪಾಂಚಾರ್ಟ್ರೇನ್ ಸರೋವರದ ಅಂಚಿಗೆ ಬಂದು, ಬೋನೆ ಕ್ಯಾರೆ ಕೋಡಿಯ ನೀರಿನ ಮೇಲೆ ಕಾರು ಹೋಗುವಾಗ ಸದ್ದು ಪೂರ್ತಿ ತಿಳಿಯಾಯಿತು. ಪಿಯಾನೋ, ಡ್ರಮ್ಸ್, ಆಮೇಲೆ ಅವಸರವೇ ಇಲ್ಲದ ಒಂದು ದನಿ: ಡಬ್ಲ್ಯು ಡಬ್ಲ್ಯು ಓ ಝೀ. ನನಗೆ ಗಂಟಲು ಕಟ್ಟಿತು. ತಮ್ಮ ನನ್ನ ಮುಖ ನೋಡಿ ಸುಮ್ಮನಾದ.

ಈ ಸ್ಟೇಷನ್ ಶುರುವಾಗಿದ್ದು 1980ರ ಡಿಸೆಂಬರ್ 4ರಂದು. ಸಮುದಾಯ ರೇಡಿಯೋ ಅದು. ಹಾಡು ಹಾಕುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಏನು ಹಾಕಬೇಕು ಅಂತ ಅವರಿಗೆ ಯಾರೂ ಚೀಟಿ ಬರೆದುಕೊಡುವುದಿಲ್ಲ. ಕೇಳುಗರು ಕೊಡುವ ದುಡ್ಡು ಅದರ ದೊಡ್ಡ ಆಸರೆ. ಊರಿನ ಜನ ಅದನ್ನು 'ಓಝೀ' ಅಂತಾರೆ, ಮನೆಯವರನ್ನು ಕರೆದ ಹಾಗೆ. ನಾನು ಭಾರತದಲ್ಲಿ, ನಮ್ಮೂರಲ್ಲಿ ರಾತ್ರಿ ಎಂಟೂವರೆಗೆ ಚಪಾತಿ ಲಟ್ಟಿಸುವಾಗ ಅಲ್ಲಿ ಬೆಳಗಿನ ಒಂಬತ್ತು, ಹಳೇ ಕಾಲದ ಜಾಝ್ ಹಾಕುವ ಹೊತ್ತು. ಚಳಿಗಾಲದಲ್ಲಿ ಲೆಕ್ಕ ಸರಿಯಾಗಿ ಕೂರುತ್ತದೆ.

ಆದರೆ ನನ್ನನ್ನು ಈ ಊರಿಗೆ ಎಳೆದು ತಂದಿದ್ದು ಹಾಡಲ್ಲ, ಒಂದು ಪಟ್ಟಿ. ಒಂದು, ಮೂರು, ಐದು, ಏಳು, ಹೀಗೆ ಬೆಸ ಸಂಖ್ಯೆಯ ಗಂಟೆ ಹೊಡೆದಾಗಲೆಲ್ಲ ಹಾಡು ನಿಲ್ಲಿಸಿ, ಇವತ್ತು ಊರಲ್ಲಿ ಯಾರು, ಎಲ್ಲಿ, ಎಷ್ಟು ಗಂಟೆಗೆ ನುಡಿಸುತ್ತಾರೆ ಅಂತ ಓದುತ್ತಾರೆ. ಅದಕ್ಕೆ 'ಲೈವ್‌ವೈರ್' ಅಂತ ಹೆಸರು. ದೊಡ್ಡ ಸಭಾಂಗಣವೂ ಬರುತ್ತದೆ, ಬೀದಿ ಮೂಲೆಯ ಬಾರೂ ಬರುತ್ತದೆ. ಎರಡಕ್ಕೂ ಒಂದೇ ದನಿ, ಒಂದೇ ಮರ್ಯಾದೆ. ಕೇಳುಗರನ್ನು ರೇಡಿಯೋ ಮುಂದೆಯೇ ಕೂರಿಸಿಕೊಳ್ಳಬೇಕು ಅಂತ ಬೇರೆ ಸ್ಟೇಷನ್‌ಗಳು ಹೆಣಗುತ್ತವೆ. ಇದು ಎರಡು ಗಂಟೆಗೊಮ್ಮೆ "ಎದ್ದು ಹೊರಗೆ ಹೋಗಿ" ಅನ್ನುತ್ತದೆ. ಹಾಗಾಗಿ ಬೇರೆ ಯಾವ ಪ್ಲಾನೂ ಮಾಡಿರಲಿಲ್ಲ. ರೇಡಿಯೋ ಎಲ್ಲಿಗೆ ಹೋಗು ಅನ್ನುತ್ತದೋ ಅಲ್ಲಿಗೆ. ತಮ್ಮನ ಫೋನಿನಲ್ಲಿ ನೋಡಲೇಬೇಕಾದ ಜಾಗಗಳ ಉದ್ದ ಪಟ್ಟಿ ಇತ್ತು. ಪಾಪ, ಅದನ್ನು ಪಕ್ಕಕ್ಕಿಟ್ಟ.

ನಾವು ಇಳಿದುಕೊಂಡಿದ್ದು ಟ್ರೆಮೇ ಎಂಬ ಹಳೇ ಬಡಾವಣೆಯಲ್ಲಿ, ಒಂದು ಶಾಟ್‌ಗನ್ ಮನೆಯಲ್ಲಿ. ಇಲ್ಲಿನ ಸಾಂಪ್ರದಾಯಿಕ ಮನೆ ಅದು. ಅಗಲ ಕಮ್ಮಿ, ಉದ್ದ ಜಾಸ್ತಿ. ನಡುವೆ ಓಣಿ ಇಲ್ಲ, ಕೋಣೆಯ ಹಿಂದೆ ಕೋಣೆ. ಅಡುಗೆಮನೆಗೆ ಹೋಗಬೇಕಾದರೆ ಎಲ್ಲ ಕೋಣೆ ದಾಟಿಯೇ ಹೋಗಬೇಕು. ಮನೆಯೊಡತಿಗೆ ಎಪ್ಪತ್ತು ದಾಟಿದೆ. "ಬಾ ಒಳಗೆ, ಬೇಬಿ" ಅಂದರು. ನನಗೂ ಬೇಬಿ, ತಮ್ಮನಿಗೂ ಬೇಬಿ, ಆಮೇಲೆ ಬಂದ ಪೋಸ್ಟ್‌ಮನ್‌ಗೂ ಬೇಬಿ.

ಅವರ ಫ್ರಿಜ್ ಮೇಲೆ ಒಂದು ರೇಡಿಯೋ. ಎಣ್ಣೆ ಪಸೆ ಹತ್ತಿ ಹಳದಿಯಾಗಿದೆ. ಆಂಟೆನಾ ಮುರಿದ ಕಡೆ ತಂತಿ ಸುತ್ತಿದ್ದಾರೆ. ಸ್ಟೇಷನ್ ಬದಲಿಸುವ ಗುಂಡಿಯ ಮೇಲೆ ಅಡ್ಡಕ್ಕೆ ಟೇಪ್ ಅಂಟಿಸಿದ್ದಾರೆ, ಮೊಮ್ಮಕ್ಕಳು ತಿರುಗಿಸಬಾರದು ಅಂತ. ಟೇಪಿನ ಅಂಚು ಕಪ್ಪಾಗಿದೆ. ಅದನ್ನು ಅಂಟಿಸಿ ಎಷ್ಟು ವರ್ಷವಾಯಿತೋ. ಮೂರು ಗಂಟೆಯ ಪಟ್ಟಿ ಶುರುವಾದಾಗ ನಾನು ನೋಟ್‌ಬುಕ್ ತೆಗೆದೆ. ಓದುವ ವೇಗಕ್ಕೆ ನನ್ನ ಕೈ ಸೋತಿತು.

ಸಂಜೆ ಫ್ರೆಂಚ್‌ಮನ್ ಬೀದಿ. ಎರಡು ಮೂರು ಅಡ್ಡರಸ್ತೆಗಳಷ್ಟು ಉದ್ದ, ಬಾಗಿಲು ಬಾಗಿಲಿಗೂ ಬ್ಯಾಂಡ್. ಒಳಗೆ ಹೋಗುವ ಮೊದಲೇ ಚಾರ್ಟ್ರೆಸ್ ಬೀದಿಯ ಮೂಲೆಯಲ್ಲಿ ಹುಡುಗರ ಬ್ರಾಸ್ ಬ್ಯಾಂಡ್, ಅಂದರೆ ಹಿತ್ತಾಳೆ ಊದುವಾದ್ಯಗಳ ತಂಡ, ನಮ್ಮನ್ನು ಹಿಡಿದು ನಿಲ್ಲಿಸಿತು. ನೆಲದ ಮೇಲೆ ರಟ್ಟಿನ ಡಬ್ಬ, ಅದರಲ್ಲಿ ಡಾಲರ್ ನೋಟುಗಳು. ಒಂದು ಗಂಟೆ ಅಲ್ಲೇ ಕಳೆಯಿತು.

ಶುಕ್ರವಾರ

ಬೆಳಿಗ್ಗೆ ಲೂಯಿ ಆರ್ಮ್‌ಸ್ಟ್ರಾಂಗ್ ಪಾರ್ಕ್. ಅದರ ಒಂದು ಮೂಲೆಯಲ್ಲಿ ಕಾಂಗೋ ಸ್ಕ್ವೇರ್. ದೊಡ್ಡ ಓಕ್ ಮರಗಳು, ಸುತ್ತು ಸುತ್ತಾಗಿ ಜೋಡಿಸಿದ ಕಲ್ಲುಹಾಸು. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕಾದ ಜನ ಭಾನುವಾರ ಇಲ್ಲಿ ಸೇರುತ್ತಿದ್ದರು. 1817ರಲ್ಲಿ ನಗರ ಕಾನೂನು ಮಾಡಿ, ಗುಲಾಮರು ಕುಣಿಯಲು ಸೇರುವುದಿದ್ದರೆ ಭಾನುವಾರ ಮಾತ್ರ, ಗೊತ್ತು ಮಾಡಿದ ಜಾಗದಲ್ಲಿ ಮಾತ್ರ ಅಂತ ಕಟ್ಟು ಹಾಕಿತು. ಆ ಜಾಗ ಇದು. ವಾರಕ್ಕೊಂದು ಮಧ್ಯಾಹ್ನ ಸಿಕ್ಕಿದ್ದರಲ್ಲೇ ಡೋಲು, ಕುಣಿತ, ತಮ್ಮ ನುಡಿ, ಎಲ್ಲವನ್ನೂ ಉಳಿಸಿಕೊಂಡರು. ಆ ತಾಳ ಆಮೇಲೆ ಈ ಊರಿನ ಎಲ್ಲ ಸಂಗೀತದ ಕೆಳಗೂ ಹರಿಯಿತು. ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಚಪ್ಪಲಿ ಬಿಟ್ಟು ನಿಂತೆ. ಯಾರೂ ಹೇಳಿದ್ದಲ್ಲ, ಹಾಗೆ ನಿಲ್ಲಬೇಕು ಅನ್ನಿಸಿತು.

ಇದೇ ಪಾರ್ಕಿನೊಳಗಿನ ಹಳೇ ಕಟ್ಟಡವೊಂದರಲ್ಲಿ ಓಝೀ ಸ್ಟುಡಿಯೋ ಎಷ್ಟೋ ವರ್ಷ ಇತ್ತು, 2005ರ ಕತ್ರೀನಾ ಚಂಡಮಾರುತದವರೆಗೆ. ಅದಕ್ಕೂ ಮೊದಲಿನ ಜಾಗ ನೋಡಲು ಸೇಂಟ್ ಚಾರ್ಲ್ಸ್ ಮಾರ್ಗದ ಟ್ರಾಮ್ ಹತ್ತಿದೆವು. 1835ರಲ್ಲಿ ಶುರುವಾದ ಮಾರ್ಗ. ಟಿಕೆಟ್ 1.25 ಡಾಲರ್. ಮರದ ಬೆಂಚು, ತೆಗೆದ ಕಿಟಕಿ. ನೆಪೋಲಿಯನ್ ಅವೆನ್ಯೂನಲ್ಲಿ ಇಳಿದು ನದಿಯ ಕಡೆಗೆ ನಡೆದರೆ ಟಿಪಿಟೀನಾಸ್ ಸಿಗುತ್ತದೆ.

1977ರಲ್ಲಿ ತೆರೆದ ಕ್ಲಬ್ಬು. ಪಿಯಾನೋ ವಾದಕ ಪ್ರೊಫೆಸರ್ ಲಾಂಗ್‌ಹೇರ್‌ಗೆ ಕೊನೆಗಾಲದಲ್ಲಿ ನುಡಿಸಲು ಒಂದು ನೆಲೆ ಇರಲಿ ಅಂತ ಅವರ ಅಭಿಮಾನಿಗಳೇ ಸೇರಿ ಮಾಡಿದ್ದು. ಹೆಸರೂ ಅವರ ಹಾಡಿನದೇ. 1980ರ ಜನವರಿಯಲ್ಲಿ ಅವರು ತೀರಿಕೊಂಡರು. ಒಳಗೆ ಕಾಲಿಟ್ಟ ಕೂಡಲೇ ಅವರ ಎದೆಮಟ್ಟದ ವಿಗ್ರಹವಿದೆ. ಮುಟ್ಟಿ ಒಳಗೆ ಹೋಗುವವರನ್ನು ನೋಡಿದೆ, ನಾನೂ ಮುಟ್ಟಿದೆ. ಓಝೀ ಮೊದಲ ವರ್ಷಗಳಲ್ಲಿ ಈ ಕ್ಲಬ್ಬಿನ ಮಹಡಿಯಲ್ಲಿತ್ತು. ಕೆಳಗೆ ಸಂಗೀತ ಕಛೇರಿ ಶುರುವಾದರೆ, ನೆಲದ ತೂತಿನಿಂದ ಮೈಕನ್ನು ತಂತಿ ಸಮೇತ ಇಳಿಬಿಟ್ಟು ನೇರ ಪ್ರಸಾರ ಮಾಡುತ್ತಿದ್ದರು ಅಂತ ಇವತ್ತಿಗೂ ಹೇಳುತ್ತಾರೆ. ತಲೆಯೆತ್ತಿ ಚಾವಣಿ ನೋಡಿದೆ. ಬಾವಿಗೆ ಕೊಡ ಇಳಿಸಿದ ಹಾಗೆ ಮೈಕು ಇಳಿದುಬರುವುದು ಕಣ್ಣಿಗೆ ಕಟ್ಟಿತು.

ಸಂಜೆ ಐದರ ಪಟ್ಟಿ ಕೇಳಿ ಪ್ರಿಸರ್ವೇಶನ್ ಹಾಲ್‌ಗೆ ಹೋದೆವು. 1961ರಿಂದ ನಡೆಯುತ್ತಿದೆ. ಚಿಕ್ಕ ಕೋಣೆ, ಸುಣ್ಣ ಕಿತ್ತ ಗೋಡೆ, ಕೆಲವು ಬೆಂಚು, ಹಿಂದೆ ನಿಲ್ಲುವ ಜಾಗ. ಊಟ, ಕುಡಿತ ಇಲ್ಲ. ನುಡಿಸುವಾಗ ಫೋನ್ ತೆಗೆಯುವ ಹಾಗಿಲ್ಲ. ಮುಕ್ಕಾಲು ಗಂಟೆ ಬರೀ ಕೇಳುವುದು. ಟ್ರೋಂಬೋನ್ ಕೊಳವೆ ಮುಂದಕ್ಕೆ ಬಂದಾಗ ಮೊದಲ ಸಾಲಿನವರು ಕಾಲು ಮಡಚಿಕೊಳ್ಳಬೇಕು, ಅಷ್ಟು ಹತ್ತಿರ.

ರಾತ್ರಿ ಅಡುಗೆಮನೆಯಲ್ಲಿ ಮನೆಯೊಡತಿ ಇನ್ನೂ ಎದ್ದೇ ಇದ್ದರು. ತಮ್ಮ ಹ್ಯೂಸ್ಟನ್‌ನಲ್ಲಿ ಕೆಲಸ ಮಾಡುತ್ತಾನೆ ಅಂತ ಗೊತ್ತಾಗಿ ಅವರ ಮುಖ ಬದಲಾಯಿತು. "ನಾನೂ ಇದ್ದೆ ಅಲ್ಲಿ, ಹದಿನಾಲ್ಕು ತಿಂಗಳು" ಅಂದರು. ಕತ್ರೀನಾ ಬಂದಾಗ ತಡೆಗೋಡೆಗಳು ಒಡೆದು ಊರಿನ ಶೇಕಡಾ 80ರಷ್ಟು ಭಾಗ ಮುಳುಗಿತ್ತು. ಇವರ ಮನೆಯೊಳಗೆ ಮೊಣಕಾಲುದ್ದ ನೀರು. ಬಸ್ಸಿನಲ್ಲಿ ಹ್ಯೂಸ್ಟನ್‌ಗೆ ಹೋದರು. ಯಾರು ಬದುಕಿದ್ದಾರೆ, ಯಾರು ಎಲ್ಲಿದ್ದಾರೆ ಒಂದೂ ಗೊತ್ತಿಲ್ಲ. ಓಝೀ ಕೂಡ ಗಾಳಿಯಿಂದ ಮಾಯವಾಗಿತ್ತು. ಆಗ ನ್ಯೂ ಜೆರ್ಸಿಯ ಡಬ್ಲ್ಯುಎಫ್‌ಎಂಯು ಎಂಬ ಇನ್ನೊಂದು ಕೇಳುಗರ ರೇಡಿಯೋ ತನ್ನ ಇಂಟರ್ನೆಟ್ ಜಾಗ ಬಿಟ್ಟುಕೊಟ್ಟಿತು. 'ದೇಶಾಂತರದಲ್ಲಿ ಓಝೀ' ಅನ್ನುವ ಅರ್ಥದ ಹೆಸರಿನಲ್ಲಿ ಪ್ರಸಾರ ಮತ್ತೆ ಶುರುವಾಯಿತು.

"ಲೈಬ್ರರಿಯಲ್ಲಿ ಒಬ್ಬ ಹುಡುಗಿ ಕಂಪ್ಯೂಟರ್‌ನಲ್ಲಿ ಹಾಕಿಕೊಟ್ಟಳು, ಬೇಬಿ. ಕಿವಿಗೆ ಇಟ್ಟುಕೊಂಡು ಅತ್ತೆ. ಊರು ಹೋಗಿಲ್ಲ ಅಂತ ಆವತ್ತು ಗೊತ್ತಾಯಿತು."

ತಮ್ಮ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಅವರ ಲೋಟಕ್ಕೆ ನೀರು ತುಂಬಿಸಿ ತಂದ.

ಶನಿವಾರ

ಬೆಳಿಗ್ಗೆ ನಾರ್ತ್ ರಾಂಪಾರ್ಟ್ ಬೀದಿಯಲ್ಲಿ ನಡೆಯುವಾಗ ಎದುರಿಗೆ ಮಕ್ಕಳು. ಒಬ್ಬೊಬ್ಬರ ಹೆಗಲಿಗೂ ಒಂದೊಂದು ವಾದ್ಯದ ಪೆಟ್ಟಿಗೆ. ಓಝೀ ಲೈಸೆನ್ಸ್ ಯಾವ ಜಾಝ್ ಅಂಡ್ ಹೆರಿಟೇಜ್ ಫೌಂಡೇಶನ್ ಕೈಲಿದೆಯೋ ಅದೇ ಸಂಸ್ಥೆ ನಡೆಸುವ ಸಂಗೀತ ಶಾಲೆ ಇಲ್ಲಿದೆ. ಮಕ್ಕಳಿಗೆ ಪೂರ್ತಿ ಉಚಿತ. ಕಟ್ಟಡ ಮುಂಚೆ ಶವಸಂಸ್ಕಾರದ ಮನೆಯಾಗಿತ್ತು. 2014ರಲ್ಲಿ ಸಂಗೀತದ ಮನೆಯಾಯಿತು. ನಾವು ಒಳಗೆ ಹೋಗಲಿಲ್ಲ, ಹೊರಗೇ ನಿಂತು ಕೇಳಿದೆವು. ಯಾರೋ ಟ್ರಂಪೆಟ್‌ನಲ್ಲಿ ಸ್ವರ ಹತ್ತಿಸುತ್ತಿದ್ದರು. ಐದನೆಯದಕ್ಕೆ ಬಂದಾಗ ಪ್ರತಿಸಲ ಸೀಳುತ್ತಿತ್ತು. ಮತ್ತೆ ಮೊದಲಿಂದ. ಆರೇಳು ಸಲ ಆದ ಮೇಲೆ ಒಂದು ಸಲ ಸೀಳಲಿಲ್ಲ. ಇಬ್ಬರೂ ಬೀದಿಯಲ್ಲೇ ಚಪ್ಪಾಳೆ ತಟ್ಟಿದೆವು. ಒಳಗೆ ಕೇಳಿಸಿರಲಾರದು.

ಮಧ್ಯಾಹ್ನ ಜಾಝ್ ಮ್ಯೂಸಿಯಂ. ಎಸ್ಪ್ಲನೇಡ್ ಅವೆನ್ಯೂನಲ್ಲಿ ಹಿಂದೆ ನಾಣ್ಯ ಮುದ್ರಿಸುತ್ತಿದ್ದ ಟಂಕಸಾಲೆ ಅದು. 1912ರ ಕೊನೇ ರಾತ್ರಿ, ಹೊಸ ವರ್ಷದ ಸಂಭ್ರಮಕ್ಕೆ ಬೀದಿಯಲ್ಲಿ ಪಿಸ್ತೂಲು ಹಾರಿಸಿದ ಅಂತ ಹನ್ನೊಂದು ವರ್ಷದ ಹುಡುಗನನ್ನು ಹಿಡಿದು, ಕಪ್ಪು ಮಕ್ಕಳ ಬಾಲಮಂದಿರಕ್ಕೆ ಹಾಕಿದರು. ಅಲ್ಲಿನ ಬ್ಯಾಂಡಿನಲ್ಲಿ ಅವನು ಟ್ರಂಪೆಟ್‌ನಂಥ ಕಾರ್ನೆಟ್ ಕಲಿತ. ಆ ಹುಡುಗನೇ ಮುಂದೆ ಜಾಝ್‌ನ ದಿಗ್ಗಜನಾದ ಲೂಯಿ ಆರ್ಮ್‌ಸ್ಟ್ರಾಂಗ್. ಬೆಳಿಗ್ಗೆ ಕೇಳಿದ ಸ್ವರಪಾಠ ಆಗ ನೆನಪಾಯಿತು.

ನಾವು ಬಂದಿದ್ದು ನವೆಂಬರ್‌ನಲ್ಲಿ, ಇವತ್ತು ಎರಡನೇ ಶನಿವಾರ. ತಿಂಗಳ ಎರಡನೇ ಶನಿವಾರ ಸಂಜೆ ಸೇಂಟ್ ಕ್ಲಾಡ್ ಅವೆನ್ಯೂ ಉದ್ದಕ್ಕೂ ಚಿಕ್ಕ ಗ್ಯಾಲರಿಗಳು ಹೊಸ ಪ್ರದರ್ಶನ ತೆರೆಯುತ್ತವೆ. ಕಲಾವಿದರೇ ಸೇರಿ ಬಾಡಿಗೆ ಕಟ್ಟಿ, ಸರದಿ ಪ್ರಕಾರ ಬಾಗಿಲು ಕಾಯುವಂಥವೂ ಇವೆ. ಟಿಕೆಟ್ ಇಲ್ಲ. ಅಕ್ಕಪಕ್ಕದ ಮನೆಯವರು ಮಗು ಎತ್ತಿಕೊಂಡು, ನಾಯಿ ಹಿಡಿದುಕೊಂಡು ಬಂದಿದ್ದರು.

ಒಂದು ಕೋಣೆಯ ಗೋಡೆ ತುಂಬ ಒಂದು ಕೌದಿ. ಹತ್ತಿರ ಹೋದೆ. ಬಟ್ಟೆಯಲ್ಲ, ನೀಲಿ ಪ್ಲಾಸ್ಟಿಕ್ ಟಾರ್ಪಾಲು. ಚಂಡಮಾರುತದಲ್ಲಿ ಮಾಡು ಹಾರಿಹೋದ ಮನೆಗಳಿಗೆ ಹೊದಿಸುವಂಥದ್ದು. ಚೌಕ ಚೌಕವಾಗಿ ಕತ್ತರಿಸಿ, ಕೆಂಪು ದಾರದಲ್ಲಿ ಕೈಹೊಲಿಗೆ ಹಾಕಿದ್ದಾರೆ. ಬಿಸಿಲಿಗೆ ಕೆಲವು ಚೌಕ ಬೆಳ್ಳಗಾಗಿವೆ. ಕೆಲವು ಇನ್ನೂ ಕಡುನೀಲಿ. ಮೊಳೆ ಹೊಡೆದಿದ್ದ ತೂತುಗಳನ್ನು ಮುಚ್ಚಿಲ್ಲ, ಅವುಗಳ ಸುತ್ತ ಕಸೂತಿ ಹಾಕಿ ಹೂವು ಮಾಡಿದ್ದಾರೆ. ಹೊಲಿದಾಕೆ ಪಕ್ಕದಲ್ಲೇ ಇದ್ದಳು. ಒಂದೊಂದು ಚೌಕವೂ ಒಂದೊಂದು ಬೀದಿಯ ಮನೆಯದು, ಕೇಳಿ ಪಡೆದದ್ದು ಅಂದಳು. ನಾನು ಮುಟ್ಟಬಹುದಾ ಅಂತ ಕೇಳಿದೆ. ಮುಟ್ಟು ಅಂದಳು. ಬೆರಳಿಗೆ ಮೊದಲು ಸಿಕ್ಕಿದ್ದು ದಾರದ ಗಂಟು. ಮೂಲೆಯ ಕುರ್ಚಿಯ ಮೇಲೆ ಒಂದು ಚಿಕ್ಕ ರೇಡಿಯೋ ಹಾಡುತ್ತಿತ್ತು. ಯಾವ ಸ್ಟೇಷನ್ ಅಂತ ಕೇಳಬೇಕಾಗಿರಲಿಲ್ಲ. ಏಳಾಯಿತು, ಪಟ್ಟಿ ಬಂತು. ಮಾತಾಡುತ್ತಿದ್ದ ಒಂದಿಬ್ಬರು ಸುಮ್ಮನಾಗಿ ಕೇಳಿಸಿಕೊಂಡರು.

ಭಾನುವಾರ

ಇವತ್ತಿಗಾಗಿಯೇ ನಾನು ನವೆಂಬರ್ ಆರಿಸಿಕೊಂಡಿದ್ದು. ಬೇಸಿಗೆಯ ಸುಡುಬಿಸಿಲಿನ ತಿಂಗಳು ಬಿಟ್ಟರೆ ವರ್ಷದ ಹೆಚ್ಚಿನ ಭಾನುವಾರಗಳಲ್ಲಿ ಇಲ್ಲಿ ಸೆಕೆಂಡ್ ಲೈನ್ ಮೆರವಣಿಗೆ ಇರುತ್ತದೆ. ನಡೆಸುವವರು 'ಸೋಶಿಯಲ್ ಏಡ್ ಅಂಡ್ ಪ್ಲೆಶರ್ ಕ್ಲಬ್'ಗಳು. ಹೆಸರಲ್ಲೇ ಎರಡೂ ಇದೆ, ನೆರವು ಮತ್ತು ಖುಷಿ. ಕಪ್ಪು ಜನರಿಗೆ ವಿಮೆ ಸಿಗದ ಕಾಲದಲ್ಲಿ ಬಡಾವಣೆಯವರು ತಿಂಗಳಿಗಿಷ್ಟು ಅಂತ ಕೂಡಿಹಾಕಿ, ಕಾಯಿಲೆಗೆ, ಮಣ್ಣು ಮಾಡುವ ಖರ್ಚಿಗೆ ಕೊಡುತ್ತಿದ್ದ ಸಂಘಗಳಿಂದ ಬೆಳೆದವು ಇವು. ಸತ್ತವರನ್ನು ಬ್ಯಾಂಡ್ ಸಮೇತ ಕಳಿಸಿಕೊಡುವುದೂ ಆ ನೆರವಿನದೇ ಭಾಗವಾಗಿತ್ತು. ಕ್ಲಬ್ಬಿನವರು ಮತ್ತು ಬ್ಯಾಂಡು ಮೊದಲ ಸಾಲು. ಹಿಂದೆ ಸೇರಿಕೊಳ್ಳುವ ಊರೆಲ್ಲ ಎರಡನೇ ಸಾಲು. ಅದಕ್ಕೇ ಸೆಕೆಂಡ್ ಲೈನ್.

ಯಾವ ಬೀದಿಯಿಂದ ಯಾವ ಬೀದಿಗೆ, ಎಲ್ಲೆಲ್ಲಿ ನಿಲ್ಲುತ್ತಾರೆ ಅನ್ನುವುದನ್ನು ಓಝೀ ತಿಳಿಸುತ್ತದೆ. ನಾನು ಅವಸರದಲ್ಲಿ ಬರೆದುಕೊಂಡಿದ್ದೆ. ಹನ್ನೆರಡೂವರೆಗೆ ಹೋಗಿ ನಿಂತರೆ ಅಲ್ಲಿ ನರಪಿಳ್ಳೆ ಇಲ್ಲ. ಒಂದು ಗಂಟೆಯಾಯಿತು, ಒಂದೂಕಾಲಾಯಿತು. ಒಬ್ಬರು ಅಂಗಡಿ ಬಾಗಿಲಲ್ಲಿ ನಿಂತು ನನ್ನ ನೋಟ್‌ಬುಕ್ ನೋಡಿ, "ಇದು ಮುಗಿಯೋ ಜಾಗ ಬೇಬಿ, ಶುರುವಾಗೋದಲ್ಲ" ಅಂದರು. ನನಗೆ ಅಳು ಬರುವಂತಾಯಿತು. ತಮ್ಮ ಕಾರಿನ ಕೀಲಿ ಜೇಬಿಗೆ ಹಾಕಿಕೊಂಡ. "ನಡಿ ಅಕ್ಕ, ಕಿವಿ ಹೇಳಿದ ಕಡೆ ಹೋಗೋಣ" ಅಂದ.

ಅರ್ಧ ಗಂಟೆ ನಡೆದೆವು. ಮೊದಲು ಕೇಳಿದ್ದು ದೊಡ್ಡ ಡ್ರಮ್ಮು. ಎದೆಯಲ್ಲಿ ಕೇಳಿತು, ಕಿವಿಯಲ್ಲಲ್ಲ. ಮೂಲೆ ತಿರುಗಿದರೆ ಇಡೀ ಬೀದಿ ಬರುತ್ತಿದೆ. ಮುಂದೆ ಪೊಲೀಸ್ ಬೈಕು. ಹಿಂದೆ ಕ್ಲಬ್ಬಿನವರು, ಎಲ್ಲರಿಗೂ ಕಿತ್ತಳೆ ಬಣ್ಣದ ಒಂದೇ ಥರದ ಸೂಟು, ಅದೇ ಬಣ್ಣದ ಟೋಪಿ, ಅದೇ ಬಣ್ಣದ ಶೂ, ಕೈಯಲ್ಲಿ ಗರಿಯ ದೊಡ್ಡ ಬೀಸಣಿಗೆ. ವರ್ಷವಿಡೀ ದುಡ್ಡು ಉಳಿಸಿ, ಹೊಲಿಸಿ, ನಾಲ್ಕು ಗಂಟೆ ಕುಣಿಯುತ್ತಾರೆ. ಒಬ್ಬರ ಶೂ ನನ್ನ ಹತ್ತಿರದಲ್ಲೇ ಹೋಯಿತು. ಹಿಮ್ಮಡಿ ನೆಲ ಮುಟ್ಟುತ್ತಲೇ ಇರಲಿಲ್ಲ. ತುದಿಗಾಲು, ಪಕ್ಕಕ್ಕೆ ಜಾರು, ಒಂದು ಕ್ಷಣ ಕುಕ್ಕರುಗಾಲು, ಮತ್ತೆ ಮೇಲೆ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಬೀಸಣಿಗೆ ಮಾತ್ರ ನಿಧಾನ, ರಾಜನ ಚಾಮರದ ಹಾಗೆ.

ಆಮೇಲೆ ಬ್ಯಾಂಡು, ಆಮೇಲೆ ನಾವೆಲ್ಲ. ಕುದುರೆ ಮೇಲೆ ಬಂದವರು, ಕಾರಿನ ಮೇಲೆ ಹತ್ತಿ ಕುಣಿಯುವವರು, ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜ, ಖಾಲಿ ಬಾಟಲಿಗೆ ಕಡ್ಡಿಯಿಂದ ತಾಳ ಹಾಕುವ ಹುಡುಗ. ಪಕ್ಕದಲ್ಲಿ ಟ್ರಕ್ಕಿನ ಹಿಂಭಾಗದಲ್ಲೇ ಒಲೆಯಿಟ್ಟು ಸಾಸೇಜ್ ಸುಡುವವರು. ಸಸ್ಯಾಹಾರಿಯಾದ ನನಗೆ ತಣ್ಣನೆಯ ನೀರೊಂದೇ ಗತಿ, ಆದರೆ ಹಸಿವೆಯ ನೆನಪೇ ಆಗಲಿಲ್ಲ.

ಇದು ಸುಮ್ನೆ ಉಳಿದು ಬಂದದ್ದಲ್ಲ. ಕತ್ರೀನಾ ನಂತರ ಮೆರವಣಿಗೆಯ ಪೊಲೀಸ್ ಶುಲ್ಕವನ್ನು ವಿಪರೀತ ಏರಿಸಿದಾಗ, ಮನೆಮಠ ಕಳೆದುಕೊಂಡಿದ್ದ ಈ ಕ್ಲಬ್ಬುಗಳು ಸೇರಿ ಫೆಡರಲ್ ಕೋರ್ಟಿಗೆ ಹೋದವು. 2007ರಲ್ಲಿ ರಾಜಿಯಾಗಿ ಶುಲ್ಕ ಇಳಿಯಿತು. ಬೀದಿಯಲ್ಲಿ ಕುಣಿಯುವುದು ತಮ್ಮ ಹಕ್ಕು ಅಂತ ಹೋರಾಡಿ ಉಳಿಸಿಕೊಂಡ ಕುಣಿತ ಇದು.

ಕ್ಲೇಬೋರ್ನ್ ಅವೆನ್ಯೂ ಬಂತು. ಒಂದು ಕಾಲಕ್ಕೆ ಇಲ್ಲಿ ಸಾಲು ಸಾಲು ಓಕ್ ಮರಗಳಿದ್ದವು. ಕಪ್ಪು ಜನರ ಅಂಗಡಿಬೀದಿ, ಹಬ್ಬದ ಬೀದಿ. 1960ರ ದಶಕದಲ್ಲಿ ಮರಗಳನ್ನು ಕಡಿದು ಹೆದ್ದಾರಿಯ ಮೇಲ್ಸೇತುವೆ ಕಟ್ಟಿದರು. ನಾವು ಗುರುವಾರ ಹ್ಯೂಸ್ಟನ್‌ನಿಂದ ಬಂದ ಅದೇ ಹೆದ್ದಾರಿ. ಈಗ ಸೇತುವೆಯ ಕಂಬಗಳ ಮೇಲೆ ಚಿತ್ರ ಬರೆದಿದ್ದಾರೆ. ಕೆಲವು ಕಂಬಗಳ ಮೇಲೆ ಓಕ್ ಮರವನ್ನೇ ಬರೆದಿದ್ದಾರೆ.

ಮೆರವಣಿಗೆ ಸೇತುವೆಯ ಕೆಳಗೆ ನುಗ್ಗಿತು. ಬ್ಯಾಂಡಿನವರಿಗೆ ಈ ಜಾಗ ಗೊತ್ತು. ಅಲ್ಲಿಯವರೆಗೆ ಕೈ ಬಿಗಿ ಹಿಡಿದಿದ್ದವರು ಒಮ್ಮೆಗೇ ಬಿಟ್ಟರು. ಕಾಂಕ್ರೀಟಿಗೆ ಬಡಿದ ಟ್ರಂಪೆಟ್ ಸದ್ದು ಮೇಲಿಂದ, ಪಕ್ಕದಿಂದ, ಹಿಂದಿನಿಂದ ವಾಪಸ್ ಬಂತು. ಸೂಸಾಫೋನ್ ಎಂಬ ಭಾರೀ ಊದುವಾದ್ಯದ ಗುಂಗು ಕಾಲಿನಿಂದ ಹತ್ತಿತು. ಸಾವಿರ ಜನ ಒಟ್ಟಿಗೆ ಕೂಗಿದರು. ನಾನು ತಮ್ಮನನ್ನು ಹುಡುಕಿದೆ. ಕಂಬಕ್ಕೆ ಬರೆದ ಓಕ್ ಮರದ ಕೆಳಗೆ, ಗುರುತಿಲ್ಲದ ಒಬ್ಬ ಅಜ್ಜಿಯ ಎದುರು, ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ಅವನ ಮದುವೆಯಲ್ಲೂ ಕುಣಿದವನಲ್ಲ.

ಸಂಜೆ ಕಾಲು ಎಳೆದುಕೊಂಡು ಮನೆಗೆ ಬರುವಾಗ ಕಾಂಗೋ ಸ್ಕ್ವೇರ್‌ನಲ್ಲಿ ನಾಲ್ಕಾರು ಜನ ವೃತ್ತವಾಗಿ ಕೂತು ಕೈಯಲ್ಲಿ ಡೋಲು ಬಾರಿಸುತ್ತಿದ್ದರು. ಭಾನುವಾರ ಅಲ್ವಾ.

ಸೋಮವಾರ

ಸೋಮವಾರ ಈ ಊರಲ್ಲಿ ಕೆಂಪು ಹುರುಳಿಕಾಯಿ ಕಾಳು ಮತ್ತು ಅನ್ನದ ದಿನ. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನವಾಗಿತ್ತು. ಒಗೆದು ಮುಗಿಯುವಷ್ಟರಲ್ಲಿ ಕಾಳು ತಾನೇ ಬೇಯುತ್ತಿತ್ತು. ಮನೆಯೊಡತಿ ಬೆಳಿಗ್ಗೆಯೇ ಒಲೆ ಹಚ್ಚಿದ್ದರು. ಮಾಂಸ ಹಾಕುವ ಮೊದಲು ನಮಗೆ ಅಂತ ಒಂದು ಡಬ್ಬ ಬೇರೆ ತೆಗೆದಿಟ್ಟರು. ಒಂಬತ್ತರ ಪಟ್ಟಿ ಬಂದಾಗ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಏನೋ ಬರೆದರು. ಅಣ್ಣನ ಮೊಮ್ಮಗ ಇವತ್ತು ರಾತ್ರಿ ಒಂದು ಬಾರಿನಲ್ಲಿ ಡ್ರಮ್ಸ್ ನುಡಿಸುತ್ತಾನಂತೆ. "ಹುಡುಗ ನನಗೆ ಹೇಳೇ ಇಲ್ಲ, ನೋಡು. ಓಝೀ ಹೇಳಬೇಕಾಯಿತು."

ನಾನು ಫೋನಿನಲ್ಲೇ ಓಝೀಗೆ ಸದಸ್ಯತ್ವದ ಹಣ ಕಟ್ಟಿದೆ. ಐದು ವರ್ಷ ಕೇಳಿದ್ದಕ್ಕೆ ಬಾಕಿ ಇತ್ತು.

ಹತ್ತೂಕಾಲಿಗೆ ಹೊರಟೆವು. ಕೋಡಿಯ ನೀರು ದಾಟಿ, ಜೌಗಿನ ಕಾಡು ಶುರುವಾಗುವಾಗ ಹನ್ನೊಂದು ಹೊಡೆಯಿತು. ಪಟ್ಟಿ ಬಂತು. ಮೊದಲ ಮೂರು ಹೆಸರು ಚೆನ್ನಾಗಿ ಕೇಳಿದವು. ನಾಲ್ಕನೆಯದರ ಮೇಲೆ ಗೊರಗೊರ ಹತ್ತಿತು. ತಮ್ಮ ಬಲಗಡೆಯ ಸಾಲಿಗೆ ಬಂದು ವೇಗ ಇಳಿಸಿದ. ಹಿಂದಿನ ಲಾರಿಗಳೆಲ್ಲ ನಮ್ಮನ್ನು ದಾಟಿ ಹೋದವು.

"ಇನ್ನೂ ಫ್ರೆಂಚ್‌ಮನ್ ಬೀದಿ ಬಂದಿಲ್ಲ ಅಕ್ಕ" ಅಂದ. "ನಮ್ಮ ಮನೆಯೊಡತಿ ಅಜ್ಜಿಯ ಹುಡುಗಂದೂ ಓದಿಲ್ಲ."

ನಾನು ಸೌಂಡು ಜಾಸ್ತಿ ಮಾಡಿದೆ.